ಚಾಟ್ಸ್‌ವುಡ್‌ನಿಂದ ಬಂದ ಮೇಲೆ

ಕ್ಲೇಟನ್, ಮೆಲ್ಬರ್ನ್
20 ಜುಲೈ 2006

ವಸಂತಕ್ಕನಿಗೆ ನಮಸ್ಕಾರ.

ಇಂಚರಾ ಕ್ಷೇಮವಾಗಿ ಬಂದು ತಲುಪಿದ್ದನ್ನು ನಿಮ್ಮ ತಮ್ಮ ಅವತ್ತೇ ಫೋನಿನಲ್ಲಿ ತಿಳಿಸಿದ್ದಾರೆ. ಆದರೂ ಇವಳೇಕೆ ಕಾಗದ ಬರೆಯುತ್ತಿದ್ದಾಳೆ ಎಂದು ನಿಮಗೆ ಆಶ್ಚರ್ಯವಾಗಬಹುದು. ನಮ್ಮ ಫೋನ್ ಇರುವುದು ಎಲ್ಲರೂ ಕೂರುವ ಹಾಲ್‌ನಲ್ಲಿ. ನನ್ನ ಒಂಬತ್ತು ವರ್ಷದ ಮಗಳು ಉತ್ತರ ಕೊಡುವುದು ಇಂಗ್ಲಿಷಿನಲ್ಲಾದರೂ ನಾವಾಡುವ ಕನ್ನಡ ಒಂದಕ್ಷರ ಬಿಡದೆ ಅವಳಿಗೆ ಅರ್ಥವಾಗುತ್ತದೆ. ಓದಲು ಮಾತ್ರ ಬರುವುದಿಲ್ಲ. ಅವಳ ವಿಷಯ ಅವಳಿಗೆ ತಿಳಿಯದಂತೆ ಮಾತಾಡಲು ನನಗೆ ಬೇರೆ ದಾರಿಯಿಲ್ಲ.

ಮೊದಲು ಥ್ಯಾಂಕ್ಸ್. ಚಳಿಗಾಲದ ರಜದಲ್ಲಿ ಅವಳನ್ನು ನಿಮ್ಮಲ್ಲಿ ಇಟ್ಟುಕೊಂಡು ನನಗೆ ಎರಡು ವಾರ ಉಸಿರಾಡಲು ಬಿಟ್ಟಿರಿ. ಕೋಡುಬಳೆ, ಚಟ್ನಿಪುಡಿ ಎರಡೂ ಚೆನ್ನಾಗಿದ್ದವು.

ಈಗ ವಿಷಯಕ್ಕೆ ಬರುತ್ತೇನೆ. ಬಂದಾಗಿನಿಂದ ಇಂಚರಾ ಒಂದು ಸಲವೂ ಕಿರುಚಿಲ್ಲ. ಕಾಲುಚೀಲದ ಹೊಲಿಗೆ ಚುಚ್ಚುತ್ತದೆ ಎಂದು ಪ್ರತಿದಿನ ಬೆಳಿಗ್ಗೆ ಮನೆ ತಲೆಕೆಳಗು ಮಾಡುತ್ತಿದ್ದವಳು ಈಗ ತುಟಿ ಕಚ್ಚಿಕೊಂಡು ಹಾಕಿಕೊಳ್ಳುತ್ತಾಳೆ. ಟೀವಿ ಆರಿಸು ಅಂದರೆ ಆರಿಸುತ್ತಾಳೆ. ಬೇರೆ ತಾಯಂದಿರಾಗಿದ್ದರೆ ದೇವರಿಗೆ ತೆಂಗಿನಕಾಯಿ ಒಡೆಯುತ್ತಿದ್ದರು. ನನಗೆ ಮಾತ್ರ ಹೆದರಿಕೆಯಾಗುತ್ತಿದೆ. ಡಾಕ್ಟರು ಎಡಿಎಚ್‌ಡಿ ಎಂದು ಹೇಳಿದಾಗಿನಿಂದ ಒಂದನ್ನಂತೂ ಕಲಿತಿದ್ದೇನೆ. ಇದು ರಜದಲ್ಲಿ ವಾಸಿಯಾಗುವ ನೆಗಡಿಯಲ್ಲ. ಮಾತ್ರೆಯಿಂದ ಸ್ಕೂಲಿನ ಹೊತ್ತು ಕಳೆಯುತ್ತದೆ. ಸಂಜೆ ಅದರ ಪ್ರಭಾವ ಇಳಿದ ಮೇಲೆ ಸಿಟ್ಟು, ಅಳು, ಆಮೇಲೆ ಪಶ್ಚಾತ್ತಾಪ ಎಲ್ಲ ಒಟ್ಟಿಗೇ ಬರುತ್ತವೆ. ಬರಬೇಕು. ಈಗ ಅವು ಎಲ್ಲಿಗೆ ಹೋದವು?

ಮಾತ್ರೆ ಕೊಟ್ಟಿರಿ ತಾನೆ? ಅದನ್ನು ನೀವು ವಿಷ ಎಂದು ಕರೆದದ್ದು ನೆನಪಿದೆ. ಅದರ ಬದಲು ಯಾರೋ ಹೇಳಿದ ಪುಡಿ, ಲೇಹ್ಯ ಏನಾದರೂ ಕೊಟ್ಟಿದ್ದರೆ ಹೇಳಿಬಿಡಿ. ಬೇಜಾರೇನಿಲ್ಲ, ತಿಳಿದಿರಲಿ ಎಂದು ಕೇಳಿದೆ.

ಮಧುರಾ


ಚಾಟ್ಸ್‌ವುಡ್, ಸಿಡ್ನಿ
29 ಜುಲೈ 2006

ಚಿ. ಸೌ. ಮಧುರಾಳಿಗೆ ವಸಂತಾ ಹರಸಿ ಬರೆಯುವುದು.

ಬೇಜಾರಿಲ್ಲ ಎಂದು ಬರೆದು ಎದುರಿಗಿರುವವರಿಗೆ ಬೇಜಾರು ಮಾಡುವುದನ್ನು ನಿನ್ನಿಂದ ಕಲಿಯಬೇಕಮ್ಮ. ಡಬ್ಬಿಯ ಮೇಲೆ ನೀನು ಬರೆದಿದ್ದ ಹಾಗೇ ಮಾತ್ರೆ ಕೊಟ್ಟಿದ್ದೇನೆ. ಅದರ ಮೇಲೆ ನನಗೆ ನಂಬಿಕೆಯಿಲ್ಲ, ಆ ಮಾತು ಬೇರೆ. ಚೈಲ್ಡ್‌ಕೇರ್ ಸೆಂಟರಿನಲ್ಲಿ ಇಷ್ಟು ವರ್ಷ ಕಂಡವರ ಮಕ್ಕಳ ಮೂಗು ಒರೆಸಿದವಳು ನಾನು. ನಿನ್ನ ಗಂಡನೂ ಚಿಕ್ಕವನಿದ್ದಾಗ ಹೀಗೇ ಕುಣಿಯುತ್ತಿದ್ದ. ಮೈಸೂರಿನ ನಮ್ಮ ಬೀದಿಯಲ್ಲಿ ಸುಮುಖ ಹತ್ತದ ಕಾಂಪೌಂಡೇ ಇರಲಿಲ್ಲ. ಅವನಿಗೆ ಯಾವ ಡಾಕ್ಟರೂ ಹೆಸರಿಡಲಿಲ್ಲ. ಈಗ ಹೇಗಿದ್ದಾನೆ ನೋಡು, ಕೂತರೆ ಏಳುವುದಿಲ್ಲ.

ಇಂಚು ಇಲ್ಲಿ ಎಷ್ಟು ಚೆನ್ನಾಗಿದ್ದಳು ಗೊತ್ತಾ? ನಮ್ಮನೆಯವರು ನಾರ್ತ್ ಸಿಡ್ನಿಯ ಆಫೀಸಿನಿಂದ ಬರುವ ಹೊತ್ತಿಗೆ ಬಾಗಿಲಲ್ಲಿ ಕಾಯುತ್ತಿದ್ದಳು. ನನ್ನ ಜೊತೆ ಕೂತು ಹುರುಳಿಕಾಯಿ ಸೋಸಿದಳು. ಮೊದಲ ವಾರ ಒಂದೇ ಒಂದು ಸಲ ಶಾಪಿಂಗ್ ಸೆಂಟರಿನಲ್ಲಿ ರಂಪ ಮಾಡಿದಳು, ಅದೂ ನನ್ನ ಫ್ರೆಂಡ್ ಅನಸೂಯಾಳ ಎದುರಿಗೆ. ಮನೆಗೆ ಬಂದು ನಾಲ್ಕು ಮಾತು ಹೇಳಿದೆ. ಆಮೇಲೆ ಚಿನ್ನದಂಥ ಹುಡುಗಿ. ಮಕ್ಕಳಿಗೆ ಹೇಳುವ ಹಾಗೆ ಹೇಳಿದರೆ ಕೇಳುತ್ತವೆ, ಮಧುರಾ.

ನೀನು ಕೇಳಿದೆ, ನಾನೂ ಒಂದು ಕೇಳುತ್ತೇನೆ. ಲೋಟ ಕೈತಪ್ಪಿದರೆ ಸಾರಿ, ಸೀನಿದರೆ ಸಾರಿ, ಬಾಗಿಲಿಗೆ ಮೈ ತಗುಲಿದರೆ ಆ ಬಾಗಿಲಿಗೂ ಸಾರಿ. ಮಗು ಯಾರಿಗೆ ಇಷ್ಟು ಹೆದರಿಕೊಂಡಿದೆ? ಇಂಥ ಮಕ್ಕಳು ಬಂದರೆ ನಮ್ಮ ಸೆಂಟರಿನಲ್ಲಿ ನಾವು ಮನೆಯ ಕಡೆಗೂ ಒಂದು ಕಣ್ಣಿಟ್ಟಿರುತ್ತೇವೆ. ಬೇಜಾರೇನಿಲ್ಲ, ತಿಳಿದಿರಲಿ ಎಂದು ಕೇಳಿದೆ.

ಮಗಳು ಜಯಾ ಬ್ರಿಸ್ಬೇನಿಗೆ ಓದಲು ಹೋದ ಮೇಲೆ ಅವಳ ರೂಮು ಖಾಲಿ ಬಿದ್ದಿದೆ. ಇಂಚು ಒಂದು ವರ್ಷ ಇಲ್ಲೇ ಇದ್ದು ಓದಲಿ. ನಿನಗೂ ಬಿಡುವು ಸಿಗುತ್ತದೆ. ಸುಮುಖನ ಕಿವಿಗೂ ಒಂದು ಮಾತು ಹಾಕಿದ್ದೇನೆ.

ವಸಂತಾ


ಕ್ಲೇಟನ್
9 ಆಗಸ್ಟ್ 2006

ವಸಂತಕ್ಕ,

ನಿಮ್ಮ ತಮ್ಮನ ಕಿವಿಗೆ ಬಿದ್ದ ಮಾತು ನನಗೆ ಗೊತ್ತಾದದ್ದು ನಿಮ್ಮ ಕಾಗದದಿಂದ. ಕೇಳಿದ್ದಕ್ಕೆ ಅವರು ಪೇಪರಿನಿಂದ ತಲೆಯೆತ್ತದೆ, "ಅಕ್ಕ ಏನೋ ಅಂದ್ಲಪ್ಪ. ಯೋಚನೆ ಮಾಡೋಣ. ಅಲ್ಲಿ ಚೆನ್ನಾಗೇ ಇದ್ಳಲ್ಲ," ಅಂದರು. ಇಲ್ಲಿ ಚೆನ್ನಾಗಿಲ್ಲ, ಅದಕ್ಕೆ ನಾನು ಕಾರಣ ಎಂದು ಅಕ್ಕ ತಮ್ಮ ಸೇರಿ ತೀರ್ಮಾನ ಮಾಡಿಯಾಗಿದೆ ಎಂದಾಯಿತು.

ಹಾಗಿದ್ದರೆ ಇಲ್ಲಿ ಏನು ನಡೆಯುತ್ತಿದೆ ಎಂಬುದನ್ನೂ ಕೇಳಿ. ನನ್ನ ಮಗಳು ನನ್ನನ್ನು ಕಾಯುತ್ತಿದ್ದಾಳೆ. ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ಅವಳ ಕಾಲಿನ ನೆರಳು ಕಾಣುತ್ತದೆ. ಅಂಗಡಿಗೆ ಹೊರಟರೆ ಎಲ್ಲಿಗೆ, ಯಾಕೆ, ಯಾವ ರೋಡಿನಲ್ಲಿ ಎಂದು ಪೊಲೀಸರ ಹಾಗೆ ಕೇಳುತ್ತಾಳೆ. ಕಾರಿನ ಕೀ ಕಾಣದೆ ಮನೆಯೆಲ್ಲ ಹುಡುಕಿದರೆ ಅದು ಅವಳ ಸ್ಕೂಲ್ ಶೂ ಒಳಗಿತ್ತು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಸೋಫಾದ ಮೇಲೆ ಕಣ್ಣು ಮುಚ್ಚಿದ್ದೆ. ಏನೋ ಎನಿಸಿ ಕಣ್ಣು ಬಿಟ್ಟರೆ ನನ್ನ ಮೂಗಿನ ಕೆಳಗೆ ಅವಳ ಬೆರಳು. "ಏನೇ ಇದು?" ಅಂದೆ. "ನಥಿಂಗ್," ಅಂದು ಓಡಿಹೋದಳು.

ಸ್ಕೂಲ್ ಸ್ವೆಟರಿನ ಎರಡು ತೋಳೂ ಮಣಿಕಟ್ಟಿನ ಹತ್ತಿರ ಹಲ್ಲಿನಿಂದ ಜಗಿದು ತೂತಾಗಿವೆ. ಮೊನ್ನೆ ಸಂಜೆ ಹೋಮ್‌ವರ್ಕಿನ ಹಾಳೆ ಹರಿಯಿತು. ಮೊದಲಾಗಿದ್ದರೆ ಪಕ್ಕದ ಮನೆಯ ನಾಯಿ ಬೊಗಳುವಷ್ಟು ಗಲಾಟೆಯಾಗುತ್ತಿತ್ತು. ಈ ಸಲ ಎದ್ದು ಬಟ್ಟೆ ಒಗೆಯುವ ಲಾಂಡ್ರಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೋಗಿ ನೋಡಿದರೆ ಬಾಯಿಗೆ ಟವೆಲ್ ತುರುಕಿಕೊಂಡು ನಿಂತಿದ್ದಾಳೆ, ಕಣ್ಣಲ್ಲಿ ನೀರು, ಮುಖ ಕೆಂಪು. ಅವಳ ಟೀಚರು ಮಾತ್ರ ಬಹಳ ಖುಷಿಯಾಗಿದ್ದಾರೆ. ತುಂಬ ಸುಧಾರಿಸಿದ್ದಾಳೆ ಅಂದರು. ಹೊರಡುವಾಗ ದನಿ ತಗ್ಗಿಸಿ, ಮನೆಯಲ್ಲಿ ಎಲ್ಲ ಸರಿಯಾಗಿದೆಯಾ ಎಂದೂ ಕೇಳಿದರು.

ನೀವು ಫೋನ್ ಮಾಡಿದಾಗ ರಿಸೀವರನ್ನು ಲಾಂಡ್ರಿಗೆ ಒಯ್ದು ಪಿಸುಪಿಸು ಮಾತಾಡುತ್ತಾಳೆ. ಅತ್ತೆ ಜೊತೆ ಏನು ಮಾತು ಎಂದರೆ ಸೀಕ್ರೆಟ್ ಅನ್ನುತ್ತಾಳೆ. ಮನೆಯ ಕಡೆ ಕಣ್ಣಿಡುತ್ತೇವೆ ಎಂದು ನೀವೇ ಬರೆದಿದ್ದೀರಿ. ನಿಮ್ಮ ಕಣ್ಣು ಇಲ್ಲಿಗೆ ತಲುಪುವುದಿಲ್ಲವೆಂದು ನನ್ನ ಮಗಳ ಕಣ್ಣನ್ನೇ ನೇಮಿಸಿದ್ದೀರಾ? ನಾನು ಹೊಡೆಯುತ್ತೇನೋ, ಬೈಯುತ್ತೇನೋ ಎಂದು ವರದಿ ಕೇಳುತ್ತಿದ್ದೀರಾ?

ಅವತ್ತು ಮನೆಗೆ ಬಂದು ನೀವು ಅವಳಿಗೆ ಹೇಳಿದ ಆ ನಾಲ್ಕು ಮಾತು ಯಾವುವು?

ಮಧುರಾ


ಚಾಟ್ಸ್‌ವುಡ್
18 ಆಗಸ್ಟ್ 2006

ಮಧುರಾ,

ನಿನ್ನ ಕಾಗದವನ್ನು ನಮ್ಮನೆಯವರಿಗೆ ತೋರಿಸಲಿಲ್ಲ. ತೋರಿಸಿದ್ದರೆ ನಿನ್ನ ಮೇಲೆ ಇರುವ ಗೌರವವೂ ಹೋಗುತ್ತಿತ್ತು. ನಾನು ಗೂಢಚಾರಿಕೆ ಮಾಡಿಸುವವಳೇ? ನಾಲ್ಕು ಮಾತು ಯಾವುವು ಎಂದರೆ ನನಗೆ ನೆನಪಿರಬೇಕೇ? ದೊಡ್ಡವರು ಮಕ್ಕಳಿಗೆ ಹೇಳುವ ಬುದ್ಧಿಮಾತು. ನನಗೂ ಹೇಳಿದ್ದರು, ನಿನಗೂ ಹೇಳಿರುತ್ತಾರೆ.

ಪಿಸುಮಾತು ಏನೆಂದು ಕೇಳಿದೆಯಲ್ಲ, ಹೇಳುತ್ತೇನೆ. ಬರೆಯಬಾರದು ಎಂದುಕೊಂಡಿದ್ದೆ. ಹೋದ ವಾರ ಆ ಮಗು ನನ್ನನ್ನು ಕೇಳಿದ್ದು ಇದು: "ಅತ್ತೆ, ಅಮ್ಮ ಸಾಯ್ತಾಳಾ? ಟೆಲ್ ಮಿ ದ ಟ್ರೂತ್." ಯಾರು ಹೇಳಿದರು ಪುಟ್ಟ ಎಂದರೆ ಫೋನ್ ಇಟ್ಟುಬಿಟ್ಟಳು. ಎರಡು ರಾತ್ರಿ ನನಗೆ ನಿದ್ದೆಯಿಲ್ಲ. ಒಂಬತ್ತು ವರ್ಷದ ಹುಡುಗಿಯ ತಲೆಗೆ ಇಂಥ ಮಾತು ತಾನಾಗಿ ಬರುತ್ತದೆಯೇ? ನೀನು ಅವಳ ಎದುರಿಗೆ ಏನೇನು ಆಡುತ್ತೀಯ? ಸತ್ತುಹೋಗುತ್ತೇನೆ ಎಂದು ಹೆದರಿಸಿ ಮಕ್ಕಳನ್ನು ಹಿಡಿತದಲ್ಲಿ ಇಟ್ಟುಕೊಳ್ಳುವ ತಾಯಂದಿರನ್ನು ನಾನು ಕಂಡಿದ್ದೇನೆ. ನಿನಗೆ ಮೈ ಹುಷಾರಿಲ್ಲದೆ ಏನಾದರೂ ಮುಚ್ಚಿಟ್ಟಿದ್ದರೆ ಅದನ್ನಾದರೂ ಹೇಳು.

ಇನ್ನು ತಡ ಮಾಡುವುದು ಬೇಡ. ಅಕ್ಟೋಬರಿನಲ್ಲಿ ಕೊನೆಯ ಟರ್ಮ್ ಶುರುವಾಗುವಾಗ ಇಂಚು ಇಲ್ಲಿಗೆ ಬರಲಿ. ನಮ್ಮ ಸಬರ್ಬಿನ ಸ್ಕೂಲಿನಲ್ಲಿ ವಿಚಾರಿಸಿದ್ದೇನೆ, ಜಾಗವಿದೆ. ಸುಮುಖನೂ ಹೂಂ ಅಂದಿದ್ದಾನೆ.

ವಸಂತಾ


ಕ್ಲೇಟನ್
22 ಆಗಸ್ಟ್ 2006

ವಸಂತಕ್ಕನವರಿಗೆ,

ಕಳಿಸುವುದಿಲ್ಲ.

ನಿಮ್ಮ ತಮ್ಮ ಹೂಂ ಅನ್ನುವುದು ಎಲ್ಲದಕ್ಕೂ. ನಾನು ಬೇಡ ಅಂದಾಗಲೂ ಹೂಂ ಅಂದಿದ್ದಾರೆ. ನಾನು ಸಾಯುತ್ತೇನೆ ಎಂದು ನನ್ನ ಮಗಳನ್ನು ಯಾವತ್ತೂ ಹೆದರಿಸಿಲ್ಲ. ಆರೋಗ್ಯವಾಗಿದ್ದೇನೆ. ಸ್ಕೂಲಿನಿಂದ ದಿನಾ ಫೋನ್ ಬರುತ್ತದೆಂದು ಇದ್ದ ಕೆಲಸವನ್ನೂ ಬಿಟ್ಟು ಮನೆಯಲ್ಲಿ ಕೂತಿರುವುದು ಅವಳನ್ನು ಸಾಕುವುದಕ್ಕೆ, ಖಾಲಿ ರೂಮಿರುವವರಿಗೆ ಕೊಡುವುದಕ್ಕಲ್ಲ. ಸ್ವಲ್ಪ ದಿನ ಫೋನ್ ಮಾಡಬೇಡಿ. ಮಾಡಿದರೂ ನಾನು ಅವಳ ಕೈಗೆ ಕೊಡುವುದಿಲ್ಲ.

ಮಧುರಾ


ಕ್ಲೇಟನ್
12 ಸೆಪ್ಟೆಂಬರ್ 2006

ವಸಂತಕ್ಕ,

ಇದನ್ನು ಎಕ್ಸ್‌ಪ್ರೆಸ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ. ಫೋನಿನಲ್ಲಿ ಹೇಳಲು ಹೋದರೆ ನಾನು ಕಿರುಚಿಬಿಡುತ್ತೇನೆ. ಈ ಮನೆಯಲ್ಲಿ ಮತ್ತೆ ಕಿರುಚಬೇಕಾದವಳು ನಾನಲ್ಲ.

ನೆನ್ನೆ ಸಿಗ್ನಲಿನಲ್ಲಿ ನಿಂತಿದ್ದಾಗ ಹಿಂದಿನಿಂದ ಒಬ್ಬರು ನನ್ನ ಕಾರಿಗೆ ಗುದ್ದಿದರು. ದೊಡ್ಡದೇನಲ್ಲ. ಬಂಪರ್ ನೆಗ್ಗಿತು, ಕತ್ತು ಉಳುಕಿತು. ಡಾಕ್ಟರು ಎರಡು ದಿನಕ್ಕೆಂದು ಕತ್ತಿಗೆ ಪಟ್ಟಿ ಹಾಕಿ ಕಳಿಸಿದರು. ಅದೇ ಪಟ್ಟಿಯಲ್ಲಿ ಇಂಚರಾಳನ್ನು ಸ್ಕೂಲಿನಿಂದ ಕರೆದುಕೊಂಡು ಬರಲು ಹೋದೆ. ಗೇಟಿನಲ್ಲಿ ನನ್ನನ್ನು ನೋಡಿದವಳೇ ಬ್ಯಾಗು ಬಿಟ್ಟು ಕುಸಿದು ಕೂತಳು. ಎಬ್ಬಿಸಲು ಹೋದ ಟೀಚರ ಕೈ ಕೊಡವಿದಳು. ಅವರು ಹೇಳಿದರು, ಊಟದ ಹೊತ್ತಿನಲ್ಲಿ ಯಾರೋ ಅವಳ ಚಿತ್ರದ ಮೇಲೆ ನೀರು ಚೆಲ್ಲಿದರಂತೆ, ಇಷ್ಟು ದಿನವಾದ ಮೇಲೆ ಮೊದಲ ಸಲ ಜೋರಾಗಿ ಕಿರುಚಿದಳಂತೆ. ಕಿರುಚಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಅಮ್ಮನಿಗೆ ಫೋನ್ ಮಾಡಿ ಎಂದು ಬೇಡಿಕೊಂಡಳಂತೆ. ಅವರು ಮಾಡಿದ್ದಾರೆ. ನಾನು ಕ್ಲಿನಿಕ್ಕಿನಲ್ಲಿದ್ದೆ, ಎತ್ತಲಿಲ್ಲ.

ಮನೆಗೆ ಬಂದು ಮಂಚದ ಕೆಳಗೆ ಸೇರಿಕೊಂಡಳು. ಕತ್ತು ಬಗ್ಗದಿದ್ದರೂ ನೆಲದ ಮೇಲೆ ಮಲಗಿ ಕೈ ಚಾಚಿದೆ. ಬಹಳ ಹೊತ್ತು ಬರೀ "ಐ ಡಿಡ್ ಇಟ್, ಐ ಡಿಡ್ ಇಟ್" ಅನ್ನುತ್ತಿದ್ದಳು. ಏನು ಮಾಡಿದೆ ಕಂದ ಎಂದು ಬಿಡದೆ ಕೇಳಿದ ಮೇಲೆ ಬಾಯಿಬಿಟ್ಟಳು. ನಿಮ್ಮ ನಾಲ್ಕು ಮಾತು ಆಗ ನನಗೆ ತಿಳಿಯಿತು. ದೇವರ ದೀಪ ಹಚ್ಚಿ, ನಮ್ಮ ಮದುವೆಯ ಫೋಟೋ ತಂದು, ಅದರಲ್ಲಿರುವ ನನ್ನ ತಲೆಯ ಮೇಲೆ ಅವಳ ಕೈ ಇಡಿಸಿದಿರಂತೆ. ಅಮ್ಮನಾಣೆಗೂ ಇನ್ನು ಕಿರುಚುವುದಿಲ್ಲ ಎಂದು ಹೇಳಿಸಿದಿರಂತೆ. ಕಿರುಚಿದರೆ ಏನಾಗುತ್ತದೆ ಎಂದು ಅವಳು ಕೇಳಿದಳಂತೆ. ಅಮ್ಮನಿಗೆ ಕೆಟ್ಟದಾಗುತ್ತೆ ಎಂದಿರಂತೆ.

ವಸಂತಕ್ಕ, ಇವಳು ಕಿರುಚುವುದು ಹಟದಿಂದಲ್ಲ, ಅವಳ ಕೈಯಲ್ಲಿ ಇರದ ವಿಷಯ ಅದು. ಸೀನಬೇಡ ಎಂದು ಆಣೆ ಹಾಕಿಸಿದ ಹಾಗೆ. ತಾನು ಬಾಯಿ ತೆಗೆದರೆ ತಾಯಿ ಸಾಯುತ್ತಾಳೆ ಎಂದುಕೊಂಡು ಅವಳು ಜುಲೈನಿಂದ ಟವೆಲ್ ಕಚ್ಚಿದ್ದಾಳೆ. ನನ್ನ ಉಸಿರು ಆಡುತ್ತಿದೆಯಾ ಎಂದು ಮೂಗಿಗೆ ಬೆರಳಿಟ್ಟು ನೋಡಿದ್ದಾಳೆ. ಕಾರು ಓಡಿಸಬಾರದೆಂದು ಕೀ ಬಚ್ಚಿಟ್ಟಿದ್ದಾಳೆ. ನಾನು ಅದನ್ನು ಗೂಢಚಾರಿಕೆ ಎಂದುಕೊಂಡೆ!

ಅದೆಲ್ಲ ಸುಳ್ಳು ಕಣೇ, ಆಣೆಯಿಂದ ಯಾರೂ ಸಾಯಲ್ಲ ಎಂದೆ. ಅದಕ್ಕೆ ಅವಳು ಹೇಳಿದ್ದು ನನ್ನ ಕಿವಿಯಲ್ಲೇ ಇದೆ. "ಬಟ್ ಯು ಆಲ್ವೇಸ್ ಸೇ ಇಟ್. ನನ್ನ ಜೀವ ತೆಗೀತೀಯ ಅಂತ." ಹೌದು, ಅನ್ನುತ್ತೇನೆ. ಹಾಲು ಚೆಲ್ಲಿದಾಗ, ಶೂ ಸಿಗದಾಗ, ದಿನಕ್ಕೆ ಎಷ್ಟು ಸಲವೋ. ಹೆದರಿಸಿಲ್ಲ ಎಂದು ನಿಮಗೆ ಎದೆ ತಟ್ಟಿ ಬರೆದಿದ್ದೆನಲ್ಲ, ಬರೆಯುವಾಗ ಈ ಮಾತು ನೆನಪಿಗೇ ಬರಲಿಲ್ಲ.

ನನ್ನ ಮಾತನ್ನು ಅವಳು ನಂಬುತ್ತಿಲ್ಲ. "ಓನ್ಲಿ ಅತ್ತೆ ಕ್ಯಾನ್ ಕ್ಯಾನ್ಸಲ್ ಇಟ್," ಅನ್ನುತ್ತಾಳೆ. ನೆನ್ನೆಯಿಂದ ಬರೀ ಹಾಲು ಕುಡಿದುಕೊಂಡಿದ್ದಾಳೆ, ತುತ್ತು ಮುಟ್ಟಿಲ್ಲ. ನೀವು ಹಾಕಿಸಿದ್ದನ್ನು ನೀವೇ ಬಂದು ಬಿಡಿಸಿ. ನಿಮ್ಮ ಮೇಲೆ ನನಗೆಷ್ಟು ಸಿಟ್ಟಿದೆ ಎಂದು ಬರೆಯಲು ಈಗ ಪುರುಸೊತ್ತಿಲ್ಲ.

ಮಧುರಾ


ಚಾಟ್ಸ್‌ವುಡ್
13 ಸೆಪ್ಟೆಂಬರ್ 2006

ಮಧುರಾ,

ಕಾಗದ ಈಗಷ್ಟೇ ಬಂತು. ಶನಿವಾರ ಬೆಳಗಿನ ಫ್ಲೈಟ್ ಬುಕ್ ಮಾಡಿದ್ದೇನೆ. ಅಲ್ಲಿಗೆ ಬಂದ ಮೇಲೆ ನಿನ್ನ ಮುಖ ನೋಡಿಕೊಂಡು ಇದನ್ನೆಲ್ಲ ಹೇಳಲು ನನ್ನಿಂದ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೆನಪಿರಬೇಕೇ ಎಂದು ಕೇಳಿದ್ದೆನಲ್ಲ, ನಿಜವಾಗಿಯೂ ಮರೆತಿದ್ದೆ. ಸುಳ್ಳು ಹೇಳುತ್ತಿದ್ದೇನೆ ಎಂದು ನೀನು ಅಂದುಕೊಂಡರೆ ತಪ್ಪಲ್ಲ. ಶಾಪಿಂಗ್ ಸೆಂಟರಿನಲ್ಲಿ ಅವಳು ನೆಲದ ಮೇಲೆ ಬಿದ್ದು ಕಿರುಚಿದಾಗ ಅನಸೂಯಾ, "ಏನ್ರೀ ಇದು, ನಿಮ್ಮನೆ ಮಗೂನಾ?" ಅಂದಳು. ನನಗೆ ತಲೆ ಎತ್ತಲಾಗಲಿಲ್ಲ. ಆ ಅವಮಾನದಲ್ಲಿ ಮನೆಗೆ ಬಂದು ಹಾಗೆ ಮಾಡಿದೆ. ಮಾಡಿ, ಕೈ ತೊಳೆದುಕೊಂಡು ಅಡುಗೆಗೆ ಎದ್ದೆ. ನಾವು ಚಿಕ್ಕವರಿದ್ದಾಗ ಎರಡು ಮಾತಿಗೊಂದು ಅಮ್ಮನಾಣೆ, ದೇವರಾಣೆ. ಪೆನ್ಸಿಲು ಕದ್ದಿಲ್ಲ ಅಮ್ಮನಾಣೆ ಎಂದು ಸುಮುಖ ಪೆನ್ಸಿಲನ್ನು ಜೇಬಿನಲ್ಲಿಟ್ಟುಕೊಂಡೇ ಹೇಳುತ್ತಿದ್ದ. ನಮ್ಮಮ್ಮ ಎಂಬತ್ತು ದಾಟಿದ್ದಾರೆ. ನಮ್ಮ ಸುತ್ತ ಎಲ್ಲರೂ ಹಾಗೆ ಆಣೆಯಿಟ್ಟು ಮುರಿಯುತ್ತಿದ್ದರು, ಅದಕ್ಕೆಷ್ಟು ಬೆಲೆ ಎಂದು ನಮಗೆ ಗೊತ್ತಿತ್ತು. ಈ ಮಗುವಿಗೆ ಅದನ್ನು ಯಾರು ಹೇಳಿಕೊಡಬೇಕಿತ್ತು? ಆಣೆ ಎಂಬ ಪದವನ್ನು ಅದು ನನ್ನ ಬಾಯಿಂದಲೇ ಮೊದಲು ಕೇಳಿರಬೇಕು.

ಅಮ್ಮ ಸಾಯ್ತಾಳಾ ಎಂದು ನನ್ನನ್ನೇ ಕೇಳಿದಳು, ಮಧುರಾ. ನಾನು ಬೆರಳು ನಿನ್ನ ಕಡೆ ತೋರಿಸಿದೆ. ಅಕ್ಟೋಬರಿನ ಮಾತು ಮುಗಿಯಿತು. ಅವಳು ಎಲ್ಲಿಗೂ ಬರುವುದು ಬೇಡ. ಸುಮುಖನಿಗೂ ಹೇಳಿದ್ದೇನೆ, ಹೂಂ ಅಂದ.

ವಸಂತಾ


ಕ್ಲೇಟನ್
19 ಅಕ್ಟೋಬರ್ 2006

ವಸಂತಕ್ಕನಿಗೆ,

ನೀವು ಬಂದುಹೋಗಿ ತಿಂಗಳಾಯಿತು. ಬಂದಿರಿ, ಅದಕ್ಕೆ ಕೃತಜ್ಞತೆ ಇದೆ. ಆದರೆ ನೀವು ಮಾಡಿಹೋದ ಕೆಲಸ ನನಗೆ ಇನ್ನೂ ಜೀರ್ಣವಾಗಿಲ್ಲ. ಸುಳ್ಳು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅದನ್ನು ಬಿಟ್ಟು ಮತ್ತೆ ದೀಪ ಹಚ್ಚಿಸಿ, ಅವಳ ಕೈಯನ್ನು ನಿಮ್ಮ ತಲೆಯ ಮೇಲೆ ಇಡಿಸಿ, "ಆಣೆ ಹಾಕ್ಸಿದ್ದು ನಾನು. ಅದು ಏನು ಮಾಡೋದಿದ್ರೂ ನಂಗೇ ಮಾಡ್ಲಿ," ಅಂದಿರಿ. ಅವಳು ಅಂದು ಎರಡು ಚಪಾತಿ ತಿಂದಳೆಂದು ನಾನು ಸುಮ್ಮನಾದೆ.

ಆಮೇಲಿನದು ನಿಮಗೆ ಗೊತ್ತೇ ಇದೆ. ನನ್ನನ್ನು ಕಾಯುವುದು ನಿಂತಿತು, ನಿಮ್ಮನ್ನು ಕಾಯುವುದು ಶುರುವಾಯಿತು. ಸಿಟ್ಟು ಬಂದು ಕಿರುಚಿದಳೋ, ಮರುಕ್ಷಣ ಫೋನಿಗೆ ಓಡುತ್ತಾಳೆ. "ಅತ್ತೆ, ಆರ್ ಯು ಓಕೆ?" ಒಂದೊಂದು ಸಂಜೆ ಎರಡು ಮೂರು ಸಲ. ನೀವು ಬಾತ್‌ರೂಮಿನಲ್ಲಿದ್ದು ಎತ್ತದಿದ್ದರೆ ಉಗುರು ಕಚ್ಚಿಕೊಂಡು ಫೋನಿನ ಪಕ್ಕದಲ್ಲೇ ಕೂರುತ್ತಾಳೆ. ಅವಳನ್ನು ಚಾಟ್ಸ್‌ವುಡ್‌ಗೆ ಕರೆಸಿಕೊಳ್ಳಲಾಗಲಿಲ್ಲವೆಂದು ಅಲ್ಲಿಂದಲೇ ನಿಮಗೆ ಕಟ್ಟಿಹಾಕಿಕೊಂಡಿರಾ ಎಂದು ನನಗೆ ಅನ್ನಿಸಿದ್ದುಂಟು. ಅನ್ನಿಸಿದ್ದನ್ನು ಮುಚ್ಚಿಟ್ಟುಕೊಂಡು ಇಬ್ಬರೂ ಸಾಕಷ್ಟು ಅನುಭವಿಸಿದ್ದೇವೆ, ಅದಕ್ಕೆ ಬರೆದುಬಿಟ್ಟೆ.

ಆದರೆ ಈ ಕಾಗದಕ್ಕೆ ಕಾರಣ ಬೇರೆ. ನೆನ್ನೆ ಸಂಜೆ ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಒಳಗಿನಿಂದ ಕಿರುಚಿದ ಸದ್ದು ಕೇಳಿಸಿತು. ಕೈಯಲ್ಲಿದ್ದುದನ್ನು ಎಸೆದು ಓಡಿದೆ. ಅಷ್ಟರಲ್ಲಿ ಇನ್ನೊಂದು. ಹಾಲ್‌ನ ಮಧ್ಯೆ ಫೋನ್ ಹಿಡಿದು ನಿಂತಿದ್ದಾಳೆ. ಕಣ್ಣು ಮೂಗಿನಿಂದ ನೀರು, ಆದರೆ ನಗುತ್ತಿದ್ದಾಳೆ. ಏನಾಯಿತು ಅಂದರೆ, "ಅತ್ತೆ ಟೋಲ್ಡ್ ಮಿ ಟು," ಅಂದಳು. ನನಗೆ ಮೈಯೆಲ್ಲ ಉರಿಯಿತು. ಈ ಸಲ ಅವಳಿಗೆ ಏನು ಹೇಳಿದಿರಿ? ಮರೆಯದೆ, ಒಂದಕ್ಷರವೂ ಬಿಡದೆ ಬರೆಯಿರಿ.

ಮಧುರಾ


ಚಾಟ್ಸ್‌ವುಡ್
6 ನವೆಂಬರ್ 2006

ಚಿ. ಸೌ. ಮಧುರಾ,

ಉತ್ತರ ತಡವಾಯಿತು. ಜ್ವರ ಬಂದು ಮಲಗಿದ್ದೆ. ಇದನ್ನು ಇಂಚುವಿಗೆ ಹೇಳಬೇಡ.

ನೀನು ಕೇಳಿದ್ದಕ್ಕೆ ನಿಜವನ್ನೇ ಬರೆಯುತ್ತೇನೆ. ಅವತ್ತು ನಿಮ್ಮ ಮನೆಯಲ್ಲಿ ಆಣೆ ಸುಳ್ಳು ಎಂದು ಹೇಳಬೇಕೆಂದೇ ಬಂದಿದ್ದೆ. ದೀಪದ ಮುಂದೆ ಕೂತಾಗ ಬಾಯಿ ಬರಲಿಲ್ಲ. ಅದನ್ನು ನಾನು ನಂಬುತ್ತೇನೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಪೂರ್ತಿ ಸುಳ್ಳಾಗಿದ್ದರೆ ಮಗುವಿನ ಬಾಯಲ್ಲಿ ಯಾಕೆ ಹೇಳಿಸುತ್ತಿದ್ದೆ ಹೇಳು? ನಿನಗೆ ಆಗುವುದು ನನಗಾಗಲಿ ಎಂದುಕೊಂಡೆ. ಅಷ್ಟಕ್ಕೇ ದೊಡ್ಡ ತ್ಯಾಗ ಮಾಡಿದವಳ ಹಾಗೆ ವಿಮಾನ ಹತ್ತಿದೆ.

ಫೋನ್ ಬರಲು ಶುರುವಾದ ಮೇಲೆ ನನ್ನ ಕಥೆ ಬೇರೆಯೇ ಆಯಿತು. "ಆರ್ ಯು ಓಕೆ?" ಎಂದು ಅವಳು ಕೇಳಿದಾಗಲೆಲ್ಲ ದೋಸೆ ಹುಯ್ಯುತ್ತಿದ್ದೇನೆ, ಗಟ್ಟಿಮುಟ್ಟಾಗಿದ್ದೇನೆ ಎನ್ನುತ್ತಿದ್ದೆ. ಅವಳು ನಂಬುವುದಿಲ್ಲ. ನನ್ನ ಉಸಿರು ಕೇಳಿಸಿಕೊಳ್ಳುತ್ತಾಳೆ. ಅಕ್ಟೋಬರ್ ಹದಿನೆಂಟರಂದು ನನಗೆ ನೆಗಡಿ ಶುರುವಾಗಿತ್ತು. ಮಾತಿನ ಮಧ್ಯೆ ಕೆಮ್ಮು ಬಂತು. ಆ ಕಡೆಯಿಂದ ಒಂದು ಸಣ್ಣ ದನಿ, "ಸಾರಿ ಅತ್ತೆ. ಸಾರಿ. ಸಾರಿ." ಬಾಗಿಲಿಗೆ ಹೇಳುತ್ತಿದ್ದಳಲ್ಲ, ಅದೇ ದನಿ. ಯಾವ ದೇವರೂ ಒಂದು ಮಗುವಿನಿಂದ ಇದನ್ನು ಬಯಸಿರಲಾರ ಎನ್ನಿಸಿತು, ಮಧುರಾ.

"ಇಂಚು, ಕೇಳು. ಅತ್ತೆಗೆ ಬಂದಿರೋದು ಮಳೇಲಿ ನೆನೆದ ನೆಗಡಿ. ಆಣೆಗೂ ಅದಕ್ಕೂ ಸಂಬಂಧ ಇಲ್ಲ. ಆಣೆ ಸುಳ್ಳು. ನಾನು ಅವತ್ತು ತಪ್ಪು ಮಾಡ್ದೆ," ಅಂದೆ. ಪ್ರೂವ್ ಇಟ್ ಅಂದಳು. ನಿನ್ನ ಮಗಳಲ್ಲವೇ! ಹಾಗಾದರೆ ಈಗಲೇ ಫೋನಿನಲ್ಲಿ ಕಿರುಚು, ನಾನು ಇಲ್ಲೇ ಕೇಳುತ್ತಾ ನಿಂತಿರುತ್ತೇನೆ, ನನಗೇನಾಗುತ್ತೆ ನೋಡೋಣ ಎಂದೆ. ಬೇಡ ಬೇಡ ಎಂದು ಅತ್ತಳು. ನಾನು ಬಿಡಲಿಲ್ಲ. ಮೊದಲು ಬೆಕ್ಕಿನ ಹಾಗೆ ಒಂದು ಸಣ್ಣ ಸದ್ದು. "ಇದ್ದೀನಿ," ಅಂದೆ. ಇನ್ನೊಂದು. "ಇದ್ದೀನಿ ಪುಟ್ಟ." ಆಮೇಲೆ ನೀನು ಹಿತ್ತಲಿನಲ್ಲಿ ಕೇಳಿದ್ದು. ಇಲ್ಲಿ ನಮ್ಮನೆಯವರು ಮುಖಕ್ಕೆ ಸೋಪು ಹಚ್ಚಿಕೊಂಡೇ ಓಡಿಬಂದರು. ನನ್ನ ಕಿವಿ ಎರಡು ದಿನ ಗುಂಯ್‌ಗುಟ್ಟಿತು. "ಇನ್ನೂ ಇದ್ದೀನಿ ಕಣೇ," ಅಂದೆ. ಅವಳು ನಗಲು ಶುರುಮಾಡಿದಳು. ಇಷ್ಟೇ ನಡೆದದ್ದು. ಒಂದಕ್ಷರ ಬಿಟ್ಟಿಲ್ಲ.

ಈಗ ನೀನು ನಿಜ ಹೇಳು. ಅದಾದ ಮೇಲೂ ವಾರವಿಡೀ ಅವಳ ಫೋನ್ ಬರುತ್ತಿತ್ತು, ಬರುಬರುತ್ತಾ ಕಡಿಮೆಯಾಯಿತು. ಈಚೆಗೆ ಒಂದೂ ಇಲ್ಲ. ರಿಸೀವರ್ ಸರಿಯಾಗಿ ಇಟ್ಟಿದ್ದೇನೆಯೇ ಎಂದು ಎತ್ತಿ ನೋಡಿದೆ. ನೀನು ತಡೆದೆಯಾ? ಆಗಸ್ಟಿನಲ್ಲಿ ಹಾಗೆ ಬರೆದಿದ್ದೆಯಲ್ಲ, ಅದಕ್ಕೇ ಕೇಳಿದೆ. ತಡೆದಿದ್ದರೂ ನಿನ್ನ ತಪ್ಪು ಹುಡುಕುವುದಿಲ್ಲ. ಇಲ್ಲ, ಅವಳು ಮತ್ತೆ ಬಾಯಿಗೆ ಟವೆಲ್ ಇಟ್ಟುಕೊಳ್ಳುತ್ತಿದ್ದಾಳಾ? ಅದಾದರೆ ನನಗೆ ಮುಚ್ಚಿಡಬೇಡ.

ವಸಂತಾ


ಕ್ಲೇಟನ್
10 ನವೆಂಬರ್ 2006

ವಸಂತಕ್ಕ,

ನಾನು ತಡೆದಿಲ್ಲ.

ನಿಮ್ಮ ಕಾಗದ ಬಂದಾಗ ನನಗೂ ಅದೇ ಅನುಮಾನವಾಗಿ ಎದ್ದು ಹೋಗಿ ಲಾಂಡ್ರಿಯ ಟವೆಲ್‌ಗಳನ್ನು ಮೂಸಿ, ಬಿಡಿಸಿ ನೋಡಿದೆ. ಎಲ್ಲ ಒಣಗಿದ್ದವು. ಸ್ವೆಟರಿನ ತೋಳಿನಲ್ಲಿ ಹೊಸ ತೂತಿಲ್ಲ. ಅಷ್ಟಾದರೂ ನಂಬಿಕೆ ಬರದೆ ನೆನ್ನೆ ಸಂಜೆಯವರೆಗೆ ಕಾದೆ.

ನೆನ್ನೆ ಸಂಜೆ ಕಂಪ್ಯೂಟರ್ ಗೇಮ್ ನಿಲ್ಲಿಸಿ ಊಟಕ್ಕೆ ಬಾ ಎಂದೆ. ಕೇಳಿಸಲಿಲ್ಲ. ಮತ್ತೆ ಕರೆದೆ. ಕೊನೆಗೆ ನಾನೇ ಆರಿಸಿದೆ. ತಪ್ಪು ನನ್ನದೇ, ಐದು ನಿಮಿಷ ಮೊದಲೇ ಹೇಳಿ ಆರಿಸಬೇಕೆಂದು ಡಾಕ್ಟರು ಎಷ್ಟು ಸಲ ಹೇಳಿದ್ದಾರೆ. ಅಷ್ಟೇ, ಶುರುವಾಯಿತು. ನೀನು ಕೆಟ್ಟವಳು, ನಿನ್ನ ಸಾರು ಕೆಟ್ಟದ್ದು, ಈ ಮನೆ ಕೆಟ್ಟದ್ದು. ಕುರ್ಚಿ ಬಿತ್ತು. ಪಕ್ಕದ ಮನೆಯ ನಾಯಿ ಬೊಗಳಿತು. ನಿಮ್ಮ ತಮ್ಮ ಪೇಪರ್ ಕೆಳಗಿಟ್ಟರು. ನನ್ನ ಬಾಯಿಗೂ ಆ ಹಳೆಯ ಮಾತು ಬಂದೇಬಿಟ್ಟಿತ್ತು, ನನ್ನ ಜೀವ, ಎನ್ನುವಷ್ಟರಲ್ಲಿ ನಿಲ್ಲಿಸಿದೆ. ಅವಳು ಉಸಿರು ತೆಗೆದುಕೊಳ್ಳಲು ಒಂದು ಸಲ ನಿಂತಳು. ಫೋನ್ ಅವಳ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಅವಳು ನೋಡಲಿಲ್ಲ. ಉಳಿದದ್ದನ್ನೂ ಕಿರುಚಿ ಮುಗಿಸಿದಳು.

ಆಮೇಲೆ ಕುರ್ಚಿ ಎತ್ತಿ ನಿಲ್ಲಿಸಿ, ಕೆಟ್ಟ ಸಾರಿನಲ್ಲೇ ಎರಡು ಸಲ ಅನ್ನ ಕಲಸಿಕೊಂಡು ತಿಂದು, ಮಲಗಿದಳು.

ಮಧುರಾ